ಟೀವ್ಯಾಗ ನಡೀಲಾರದ ಡಿವಿಡಿ ಯಾತಕ್ಕ ಬೇಕ್ರಿ?

ಅಕ್ಕಗೋಳೇ, ವೈನಿಗೋಳೇ, ಇವತ್ತು ಸ್ವಲ್ಪ ಸಿಟ್ಟಿನ್ಯಾಗೇ ಬರೀಲತ್ತೀನಿ.

ನಮ್ಮ ಮಾವ ಇದ್ದಾಗಿನ ಒಂದೇ ಒಂದು ವಿಡಿಯೋ ಅದ, ಮೊಮ್ಮಗನ ತೊಟ್ಟಿಲ ಕಾರ್ಯಕ್ರಮದ್ದು. ಕ್ಯಾಸೆಟ್ಟಿಂದ ಕಂಪ್ಯೂಟರಿಗಿ ಇಳಿಸಿ ಇಟ್ಟಿದ್ದೆವು. "ಒಮ್ಮಿ ಅವರಿಗಿ ನೋಡಬೇಕು" ಅಂದ್ರು ಅತ್ತಿ. ಮಗ ಡಿವಿಡಿ ಮ್ಯಾಲ ಹಾಕಿ ಕೊಟ್ಟು ಪುಣೆಗಿ ಹೋದ. ಅತ್ತಿ ಇಸ್ತ್ರಿ ಸೀರಿ ಉಟ್ಕೊಂಡು ಟೀವಿ ಮುಂದ ಕುಂತ್ರು. ಪ್ಲೇಯರು "ಡಿಸ್ಕ್ ಎರರ್" ಅಂತು.

ಮಗನಿಗಿ ಫೋನ್ ಮಾಡಿದ್ರ, "ಕಂಪ್ಯೂಟರ್ದಾಗ ನಡೀತದಲ್ಲ ಅವ್ವ, ಈಗ ಟೀವ್ಯಾಗ ಯಾರ್ ನೋಡ್ತಾರ? ಮೊಬೈಲಿಗಿ ಕಳಸ್ತೀನಿ" ಅಂದ. ಅತ್ತಿಗಿ ಮೋತಿಬಿಂದು ಆಗ್ಯಾದ. ಅಷ್ಟು ಸಣ್ಣ ಮೊಬೈಲಿನ್ಯಾಗ ಮಾರಿ ಹ್ಯಾಂಗ ಕಾಣ್ಬೇಕು?

ನನ್ನ ತಕರಾರು ಇಲ್ಲೇ ಅದ. ಫೈಲು ಹಂಗೇ ನಕಲು ಮಾಡಿ ಕೊಡೂದು, ಜ್ವಾಳ ಕೊಟ್ಟು ರೊಟ್ಟಿ ಕೊಟ್ಟೀನಿ ಅಂದಂಗ. ಹಳಿ ಪ್ಲೇಯರಿಗಿ ವಿಡಿಯೋ ಎಂಪೆಗ್-2ಕ್ಕ ಬದಲಿ ಮಾಡಬೇಕು. ಬರಿಯೂ ಸಾಫ್ಟ್‌ವೇರಿನ್ಯಾಗ 'ಡೇಟಾ' ಬಿಟ್ಟು 'ಡಿವಿಡಿ ವಿಡಿಯೋ' ಆರಿಸಬೇಕು. ಕಡೀಕ ಫೈನಲೈಜ್ ಮಾಡಬೇಕು. 4.7 ಜಿಬಿ ಡಿಸ್ಕಿನ್ಯಾಗ ಛಲೋ ಕಾಣೂದು ಒಂದರಿಂದ ಎರಡು ತಾಸು. ನಾಕು ತಾಸಿನ ಮದಿವಿ ಅದರಾಗ ತುರುಕಿದ್ರ ಮಾರಿ ಎಲ್ಲಾ ಚೌಕ ಚೌಕ ಒಡೀತಾವ.

"ಪೆನ್ ಡ್ರೈವ್ ಹಾಕ್ರಿ" ಅಂತೀರಿ. ಹೊಸ ಟೀವಿ ಇದ್ದೋರು ಹಾಕ್ರಿ, ನಾ ಬ್ಯಾಡನ್ನಲ್ಲ. ನಮ್ಮ ಡಬ್ಬಿ ಟೀವಿಗಿ ಅದರ ಜಾಗಾನೇ ಇಲ್ಲ. ಹಳದಿ, ಬಿಳಿ, ಕೆಂಪು ಪಿನ್ನು ಅಷ್ಟೇ. ಹೊಸ ಟೀವಿ ಬರಾತನ ಕಾಯಿ ಅಂತ ಎಂಬತ್ತು ವರ್ಷದ ಮುದುಕಿಗಿ ಹೇಳೂದು ಯಾವ ನ್ಯಾಯ? ಶೂಟಿಂಗ್‌ಗಿ ಸಾವಿರಗಟ್ಲೆ ಕೊಡ್ತೀವಿ, ಮನ್ಯಾಗಿನ ಹಿರೇರು ನೋಡ್ತಾರೋ ಇಲ್ಲೋ ಅಂತ ಯಾರೂ ಕೇಳಲ್ಲ.

ಕಡೀಕ ಮೆಹಕರದಿಂದ ಭಾಲ್ಕಿಗಿ ನಾನೇ ಹೋದೆ. ಅಂಗಡಿ ಹುಡುಗ ಎರಡು ತಾಸಿನ್ಯಾಗ ಸರಿ ಮಾಡಿ ಕೊಟ್ಟ. ರಾತ್ರಿ ಹಚ್ಚಿದೆವು. ಮಾವ ತೊಟ್ಟಿಲ ತೂಗಲತ್ತಿದ್ರು. ಅತ್ತಿ ಏನೂ ಅನಲಿಲ್ಲ, ತಲಿ ಮ್ಯಾಲ ಸೆರಗು ಎಳ್ಕೊಂಡ್ರು.

ಅದಕ್ಕೇ ಹೇಳ್ತೀನಿ, ಅಂಗಡ್ಯಾಗೇ ಪ್ಲೇಯರಿಗಿ ಹಚ್ಚಿ ನೋಡ್ರಿ, ಆಮ್ಯಾಲ ರೊಕ್ಕ ಕೊಡ್ರಿ. ಎರಡು ಡಿಸ್ಕ್ ಮಾಡಸ್ರಿ, ಒಂದು ತವರಮನ್ಯಾಗ ಇಡ್ರಿ. ಡಿಸ್ಕ್‌ಗಿ ಗೀರು ಬೀಳ್ತದ, ಮೂಲ ಫೈಲು ಅಳಸಬ್ಯಾಡ್ರಿ. ಮಕ್ಕಳಿಗಿ ಬೈದರೂ ಅಡ್ಡಿಯಿಲ್ಲ, ಹಿರೇರು ಇರೂದ್ರೊಳಗ ಈ ಕೆಲಸ ಮಾಡಸ್ರಿ.