ಮೇಲಿಂದ ಹಚ್ಚಿಕೊಳ್ಳುವುದೂ ಔಷಧವೇ



ಆಕಳಿಗೆ ಕೆಚ್ಚಲು ಬಾವು ಬಂದು ಪಶು ವೈದ್ಯರು ಇಂಜೆಕ್ಷನ್ ಮಾಡಿದರೆ ನಾವು ಮೊದಲು ಏನು ಕೇಳುತ್ತೇವೆ? "ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಸಾಹೇಬ್ರ?" ಆ ಹಾಲನ್ನು ಬೇರೆ ಪಾತ್ರೆಯಲ್ಲಿ ಹಿಂಡುತ್ತೇವೆ, ಕಾರ್ಯದರ್ಶಿಗೂ ಹೇಳುತ್ತೇವೆ. ಆದರೆ ನಮ್ಮ ಮೊಣಕಾಲಿಗೆ, ಸೊಂಟಕ್ಕೆ ದಿನಾ ತಿಕ್ಕಿಕೊಳ್ಳುವ ನೋವಿನ ಜೆಲ್‌ನಲ್ಲಿ ಏನಿದೆ ಎಂದು ಯಾರಾದರೂ ಕೇಳಿದ್ದೇವೆಯೇ? ನಮ್ಮ ಸಂಘದಲ್ಲಿ ಹಾಲು ಹಾಕಲು ನಿಂತವರನ್ನು ನಾನು ಕೇಳಿದೆ. "ಅದೇನ್ ಔಷಧ ಅಲ್ಲ ಬಿಡ್ರಿ ಅಕ್ಕಾರ, ಮ್ಯಾಲಿಂದ ಹಚ್ಕೊಳ್ಳೂದು" ಅಂದರು. ನನ್ನ ತಕರಾರು ಇರುವುದು ಈ ಮಾತಿನ ಮೇಲೆಯೇ, ಏಕೆಂದರೆ ನಮ್ಮ ಮನೆಯಲ್ಲೂ ಇದೇ ಮಾತು ನಡೆಯುತ್ತಿತ್ತು.

ನಮ್ಮ ಅತ್ತೆಯವರಿಗೆ ಬಿಪಿ. ಟೆಲ್ಮಿಸಾರ್ಟನ್ ಮತ್ತು ನೀರಿನ ಅಂಶ ಹೊರಹಾಕುವ ಔಷಧ ಎರಡೂ ಕೂಡಿದ ಗುಳಿಗೆ ದಿನಾ ತಗೋತಾರೆ. ಕುಕ್ಕರಗಾಲಲ್ಲಿ ಕೂತು ಎಮ್ಮೆ ಹಿಂಡಿ ಹಿಂಡಿ ಎರಡೂ ಮೊಣಕಾಲು ಹೋಗಿವೆ. ಖಾನಾಪುರದ ಕಡೆಯ ಮಳೆ ನಿಮಗೆ ಗೊತ್ತಲ್ಲ, ಆ ಥಂಡಿಯಲ್ಲಿ ನೋವು ಇನ್ನೂ ಜಾಸ್ತಿ. ಮೊಣಕಾಲು, ಮೀನಖಂಡ, ಸೊಂಟ, ಭುಜ, ಎಲ್ಲ ಕಡೆ ಜೆಲ್ ಹಚ್ಚಿ ಮೇಲೆ ಬಿಸಿನೀರಿನ ಚೀಲದ ಶಾಖ ಕೊಡುತ್ತಿದ್ದರು. ಅದೂ ಸಾಲದೆ ಅಂಗಡಿಯಿಂದ ನೋವಿನ ಗುಳಿಗೆ ತರಿಸಿಕೊಂಡು ದಿನಕ್ಕೆರಡು ನುಂಗುತ್ತಿದ್ದರಂತೆ, ನಮಗೆ ಹೇಳಿರಲಿಲ್ಲ. ಎರಡು ವಾರದಲ್ಲಿ ಪಾದ ಬಾತವು, ಮೂತ್ರ ಕಡಿಮೆಯಾಯಿತು.

ಬೆಳಗಾವಿಗೆ ಬಸ್ಸು ಹಿಡಿದು ನೆಹರು ನಗರದ ದವಾಖಾನೆಗೆ ಹೋದೆವು. "ಬೇರೆ ಏನಾದ್ರೂ ಔಷಧ ತಗೋತೀರೇನ್ ಅಜ್ಜಿ?" ಎಂದರೆ ಅತ್ತೆಯವರದು "ಇಲ್ರಿ". ಡಾಕ್ಟರಮ್ಮ ಮೊಣಕಾಲು ಮುಟ್ಟಿ ನೋಡುವಾಗ ವಾಸನೆ ಬಂತು. "ಮತ್ತ ಇದೇನ್ ಹಚ್ಚೀರಿ?" ಆಗ ಟ್ಯೂಬು, ಗುಳಿಗೆ ಎಲ್ಲದರ ಕಥೆ ಹೊರಬಂತು. ರಕ್ತ ಪರೀಕ್ಷೆ ಮಾಡಿದಾಗ ಕ್ರಿಯೇಟಿನಿನ್ ಏರಿತ್ತು, ಅಂದರೆ ಮೂತ್ರಪಿಂಡದ ಕೆಲಸ ಕುಂದಿತ್ತು. ಜೆಲ್‌ನಲ್ಲಿದ್ದದ್ದು ಡೈಕ್ಲೋಫೆನಾಕ್, ಗುಳಿಗೆಯಲ್ಲಿದ್ದದ್ದೂ ಡೈಕ್ಲೋಫೆನಾಕ್. ಒಂದೇ ಔಷಧ ಎರಡು ದಾರಿಯಿಂದ ಒಳಗೆ ಹೋಗಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಹೆಚ್ಚಿನ ಪೆಟ್ಟು ಗುಳಿಗೆಯದು. ಡೈಕ್ಲೋಫೆನಾಕ್ ಜೆಲ್ ಅನ್ನು ಹೇಳಿದ ಅಳತೆಯಲ್ಲಿ ಹಚ್ಚಿದರೆ ರಕ್ತಕ್ಕೆ ಸೇರುವುದು, ಗುಳಿಗೆ ನುಂಗಿದಾಗ ಸೇರುವುದರ ನೂರಕ್ಕೆ ಸುಮಾರು 6 ಪಾಲು ಮಾತ್ರ. ಹಾಗಾಗಿ ಮೊಣಕಾಲು, ಬೆರಳಿನ ಸಂಧಿ ನೋವಿಗೆ ಗುಳಿಗೆಗಿಂತ ಜೆಲ್ ವಾಸಿ. ಟ್ಯೂಬನ್ನು ತಿಪ್ಪೆಗೆ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಮೈತುಂಬ ಹಚ್ಚಿದರೆ, ಮೇಲೆ ಶಾಖ ಕೊಟ್ಟರೆ, ಬಿಗಿಯಾಗಿ ಬಟ್ಟೆ ಕಟ್ಟಿದರೆ, ಒಡೆದ ಚರ್ಮಕ್ಕೆ ಸವರಿದರೆ ಒಳಗೆ ಹೋಗುವುದು ಹೆಚ್ಚುತ್ತದೆ. ಅದರ ಮೇಲೆ ಗುಳಿಗೆಯೂ ಸೇರಿದರೆ ಲೆಕ್ಕ ತಪ್ಪುತ್ತದೆ.

ಬಿಪಿ ಗುಳಿಗೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಮೂತ್ರಪಿಂಡವನ್ನು ಒಂದು ಹೊಂಡ ಅಂದುಕೊಳ್ಳಿ. ನೋವಿನ ಔಷಧ ನೀರು ಬರುವ ಕಾಲುವೆಯನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಾಲಾಪ್ರಿಲ್‌ನಂಥ ಬಿಪಿ ಔಷಧ ನೀರು ಹೋಗುವ ದಾರಿಯನ್ನು ಅಗಲ ಮಾಡುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆ ಮೈಯೊಳಗಿನ ನೀರನ್ನೇ ಇಳಿಸುತ್ತದೆ. ಮೂರೂ ಕೂಡಿದರೆ ಹೊಂಡದಲ್ಲಿ ಏನುಳಿಯಿತು? ವಾಂತಿ-ಭೇದಿಯಾದಾಗ, ಬೇಸಿಗೆಯಲ್ಲಿ ನೀರು ಕುಡಿಯದೆ ಮೇವು ಕೊಯ್ಯುವಾಗ ಅಪಾಯ ಇನ್ನೂ ಹೆಚ್ಚು. ನೋವಿನ ಔಷಧ ಬಿಪಿ ಗುಳಿಗೆಯ ಕೆಲಸವನ್ನೂ ಕೆಡಿಸುತ್ತದೆ. ಗುಳಿಗೆ ತಪ್ಪದೆ ತಗೊಂಡರೂ ಬಿಪಿ ಯಾಕೆ ಇಳಿದಿಲ್ಲ ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಲ್ಲೇ ಇರುತ್ತದೆ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ತಗೊಳ್ಳುವವರು ಇನ್ನೂ ಜಾಗ್ರತೆಯಿಂದಿರಬೇಕು. ಘಾಟು ವಾಸನೆಯ ಎಷ್ಟೋ ಮುಲಾಮು, ಜೆಲ್‌ಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಅದು ಆಸ್ಪಿರಿನ್‌ನ ಬಳಗದ್ದು. ಬರೀ ಮುಲಾಮು ಹೆಚ್ಚಾಗಿ ಹಚ್ಚಿದ್ದಕ್ಕೇ ವಾರ್ಫರಿನ್ ತಗೊಳ್ಳುವವರಲ್ಲಿ ರಕ್ತಸ್ರಾವ ಆದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಗೊಳ್ಳುವವರು, ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತಗೊಳ್ಳುವವರು, ನೋವಿನ ಗುಳಿಗೆ ನುಂಗಿದರೆ ಉಬ್ಬಸ ಬರುವವರು ಕೇಳದೆ ಹಚ್ಚಬೇಡಿ. ಐದು ತಿಂಗಳು ದಾಟಿದ ಬಸುರಿ ಸೊಸೆಗೆ ಸೊಂಟ ನೋವೆಂದು ಅತ್ತೆಯಂದಿರು ಪ್ರೀತಿಯಿಂದ ತಿಕ್ಕುವುದುಂಟು. ಅದು ಬೇಡವೇ ಬೇಡ. ಹೊಟ್ಟೆಯಲ್ಲಿರುವ ಕೂಸಿನ ಮೂತ್ರಪಿಂಡಕ್ಕೆ, ಹೃದಯಕ್ಕೆ ಅದು ಒಳ್ಳೆಯದಲ್ಲ.

ಇನ್ನು ಹಿಂಡುವ ಕೈ. ಜೆಲ್ ಹಚ್ಚಿದ ಕೈಯಲ್ಲೇ ಕೆಚ್ಚಲು ಮುಟ್ಟಿದರೆ ಔಷಧ ಮೊಲೆತೊಟ್ಟಿಗೆ ತಾಗುತ್ತದೆ. ಹಾಲಂತೂ ಯಾವ ವಾಸನೆಯನ್ನೂ ಬೇಗ ಹಿಡಿಯುತ್ತದೆ. ಹಿಂಡಿದ ಮೇಲೆ ಹಚ್ಚಿ, ಸೋಪಿನಿಂದ ಕೈ ತೊಳೆಯಿರಿ. ಬೆರಳಿಗೇ ನೋವಿದ್ದರೆ ಹಚ್ಚಿದ ಕೈಯನ್ನು ಒಂದು ತಾಸಾದರೂ ತೊಳೆಯಬಾರದು. ಅಂಥವರು ಕೊಟ್ಟಿಗೆ ಕೆಲಸವೆಲ್ಲ ಮುಗಿದು ಮಲಗುವ ಹೊತ್ತಿಗೆ ಹಚ್ಚಿಕೊಂಡು, ಬೆಳಿಗ್ಗೆ ಕೈ ತೊಳೆದೇ ಹಿಂಡಲು ಕೂರಬೇಕು.

ಈ ಟ್ಯೂಬನ್ನು ಕುಂಟುವ ಎಮ್ಮೆಯ ಕಾಲಿಗೂ ಹಚ್ಚುವವರಿದ್ದಾರೆ, ನೋಡಿದ್ದೇನೆ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ಆ ಔಷಧ ಕೊಟ್ಟ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಗುಂಪು ಗುಂಪಾಗಿ ಸತ್ತವು. ಮನುಷ್ಯರ ಇಂಜೆಕ್ಷನ್ನನ್ನೇ ದನಗಳಿಗೆ ಚುಚ್ಚುತ್ತಿದ್ದರೆಂದು 2015ರಲ್ಲಿ ಅದರ ದೊಡ್ಡ ಬಾಟಲಿಯನ್ನೂ ನಿಲ್ಲಿಸಿ 3 ಮಿ.ಲೀ.ಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಜಾನುವಾರುಗಳಿಗೆ ನಿಷೇಧವಾದವು. ಎಮ್ಮೆ ಕುಂಟಿದರೆ 1962ಕ್ಕೆ ಫೋನ್ ಮಾಡಿ.

"ಇಷ್ಟೆಲ್ಲ ನೋಡ್ಕೋತ ಕುಂತ್ರ ಎಮ್ಮಿ ಹಿಂಡೋರ್ಯಾರು?" ಎಂದು ಒಬ್ಬಾಕೆ ಕೇಳಿದಳು. ಸರಿಯಾದ ಪ್ರಶ್ನೆಯೇ. ನೋವು ಸುಳ್ಳಲ್ಲ, ಎರಡು ಹೊತ್ತು ಹಿಂಡುವುದು ತಪ್ಪುವುದೂ ಇಲ್ಲ. ಟ್ಯೂಬಿನ ಮೇಲಿನ ಅಕ್ಷರ ಎಳ್ಳಿನಷ್ಟು, ಅದೂ ಇಂಗ್ಲಿಷಿನಲ್ಲಿ. ಓದಲಿಲ್ಲವೆಂದು ನಮ್ಮನ್ನೇ ಬೈದರೆ ಏನು ಉಪಯೋಗ? ಮಾರುವವರು "ಬಿಪಿ ಗುಳಿಗಿ ಐತೇನ್ರಿ?" ಎಂದು ಒಂದು ಮಾತು ಕೇಳಬೇಕು. ಒಕ್ಕೂಟ ಆರೋಗ್ಯ ತಪಾಸಣೆ ಇಟ್ಟಾಗ "ಗುಳಿಗೆಗಳನ್ನು ತನ್ನಿ" ಎನ್ನುವುದರ ಜೊತೆ "ಹಚ್ಚುವ ಟ್ಯೂಬನ್ನೂ ತನ್ನಿ" ಎಂದು ಬರೆಯಬೇಕು. ಕುಕ್ಕರಗಾಲಲ್ಲಿ ಕೂರುವ ಬದಲು ಕೂರಲು ಒಂದು ಗಿಡ್ಡ ಮಣೆಯನ್ನು ಮನೆಯ ಗಂಡಸರು ಮಾಡಿಸಿಕೊಡಬೇಕು. ಹಾಲಿನ ಬಿಲ್ಲು ಬಂದ ದಿನ ಅದನ್ನು ಕೇಳುವುದಕ್ಕೆ ಸಂಕೋಚ ಬೇಡ. ಔಷಧದಿಂದ ತೊಂದರೆಯಾಗಿದೆ ಅನಿಸಿದರೆ ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿ ದೂರು ದಾಖಲಿಸಬಹುದು.

ಅತ್ತೆಯವರ ನೋವಿನ ಗುಳಿಗೆ, ಜೆಲ್ ಎರಡನ್ನೂ ನಿಲ್ಲಿಸಿದ ಮೇಲೆ ಕೆಲವು ದಿನಗಳಲ್ಲಿ ಬಾವು ಇಳಿಯಿತು, ಕ್ರಿಯೇಟಿನಿನ್ ಕೂಡ ಇಳಿಯಿತು. ಈಗ ಡಾಕ್ಟರು ಹೇಳಿದ ಅಳತೆಯಲ್ಲಿ, ಹೆಚ್ಚು ನೋಯುವ ಬಲ ಮೊಣಕಾಲಿಗೆ ಮಾತ್ರ ಜೆಲ್. ದವಾಖಾನೆಗೆ ಹೊರಟಾಗ ಬಿಪಿ ಗುಳಿಗೆ ಚೀಟಿಯ ಜೊತೆ ಟ್ಯೂಬನ್ನೂ ಡೇರಿ ಪಾಸ್‌ಬುಕ್ಕಿನ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮಣೆ ಮಾತ್ರ ಇನ್ನೂ ಬಂದಿಲ್ಲ, ಬಡಿಗನಿಗೆ ಹೇಳಿದ್ದೇವೆ.