ವೇಗದ ಮೊಕದ್ದಮೆಯಲ್ಲಿ ಕರೆಯದೇ ಬಿಟ್ಟ ಸಾಕ್ಷಿ

ನಮ್ಮ ಸಾಹಿತ್ಯದ ವಿಚಾರ ಸಂಕಿರಣಗಳಲ್ಲಿ ‘ವೇಗ’ ಎಂಬ ಪದ ಬರುವುದೇ ಆರೋಪಿಯಾಗಿ. ಆಧುನಿಕತೆಯ ರೋಗ ಯಾವುದು? ವೇಗ. ಮನುಷ್ಯ ಮನುಷ್ಯನಿಂದ ದೂರವಾದದ್ದು ಯಾತರಿಂದ? ವೇಗದಿಂದ. ಸಾಕ್ಷಿ ಹೇಳಲು ಸಾಮಾನ್ಯವಾಗಿ ಇಬ್ಬರನ್ನು ಕರೆಸುತ್ತಾರೆ. ಒಬ್ಬ ಇಟಲಿಯ ಮಾರಿನೆಟ್ಟಿ. 1909ರ ತನ್ನ ಪ್ರಣಾಳಿಕೆಯಲ್ಲಿ ರೇಸ್ ಕಾರನ್ನು ಗ್ರೀಕ್ ಶಿಲ್ಪಕ್ಕಿಂತ ಸುಂದರ ಎಂದವನು, ಅದೇ ಉಸಿರಿನಲ್ಲಿ ಯುದ್ಧವನ್ನೂ ಹೊಗಳಿದವನು. ಇನ್ನೊಬ್ಬ ಫ್ರಾನ್ಸಿನ ಪಾಲ್ ವಿರಿಲಿಯೋ. ವೇಗವೇ ಸೈನ್ಯದ, ಪ್ರಭುತ್ವದ ಬಲ ಎಂದು 1977ರಲ್ಲಿ ಪುಸ್ತಕ ಬರೆದವನು. ಇಬ್ಬರ ಹೇಳಿಕೆ ಮುಗಿಯಿತೆಂದರೆ ಅಧ್ಯಕ್ಷರು ತೀರ್ಪು ಓದುತ್ತಾರೆ, ಚಹಾಕ್ಕೆ ಬಿಡುವು ಕೊಡುತ್ತಾರೆ.

ಐದು ವರ್ಷಗಳಿಂದ ಸಂಶೋಧನಾರ್ಥಿಯಾಗಿ ಇಂಥ ತೀರ್ಪುಗಳನ್ನು ಕೇಳುತ್ತ ಕೂತಿರುವ ನನ್ನದು ಒಂದು ತಕರಾರು. ಈ ಮೊಕದ್ದಮೆಯಲ್ಲಿ ಮೂರನೆಯ ಸಾಕ್ಷಿಯೊಬ್ಬನಿದ್ದಾನೆ, ಅವನನ್ನು ಯಾರೂ ಕರೆದಿಲ್ಲ. ಅವನು ವೇಗದ ಬಗ್ಗೆ ಬರೆದವನಲ್ಲ, ಅದನ್ನು ಕೈಯಾರೆ ಮಾಡಿದವನು. ಹಗಲು ಹೊಟ್ಟೆಪಾಡಿನ ಕೆಲಸ ಮಾಡಿ, ರಾತ್ರಿ ಮನೆಯ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿ ಕಟ್ಟಿ, ವರ್ಷಕ್ಕೊಮ್ಮೆ ಅದನ್ನು ಉಪ್ಪಿನ ಬಯಲಿಗೆ ಒಯ್ದು ಅಳೆಸಿಕೊಂಡು ಬರುವ ಹವ್ಯಾಸಿ.

ಆ ಬಯಲು ಇರುವುದು ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್‌ನಲ್ಲಿ. ಹಿಮಯುಗದ ದೊಡ್ಡ ಸರೋವರವೊಂದು ಬತ್ತಿ ಉಳಿದ ಉಪ್ಪಿನ ಹಾಸು ಅದು. ಅಲ್ಲಿ ಪ್ರತಿ ಆಗಸ್ಟ್‌ನಲ್ಲಿ ‘ಸ್ಪೀಡ್ ವೀಕ್’ ನಡೆಸುವುದು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್. ಹೆಸರನ್ನು ಗಮನಿಸಿ: ಅದು ರೇಸಿಂಗ್ ಸಂಘವಲ್ಲ, ಟೈಮಿಂಗ್ ಸಂಘ. ಓಡಿಸುವುದು ಸದಸ್ಯರ ಪಾಡು, ಅಳೆಯುವುದು ಸಂಘದ ಕೆಲಸ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಣಕೆರೆಗಳ ಮೇಲೆ ಹುಡುಗರು ಹಳೆಯ ಫೋರ್ಡುಗಳನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೇ ಬಿಡುತ್ತಿದ್ದರು. ಮುಂದಿನವನ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣುತ್ತಿರಲಿಲ್ಲ, ಜೀವಗಳು ಹೋಗುತ್ತಿದ್ದವು. ಈ ಅವ್ಯವಸ್ಥೆಗೆ ಲಗಾಮು ಹಾಕಲು ಹಲವು ಕ್ಲಬ್‌ಗಳು ಸೇರಿ 1937ರಲ್ಲಿ ಸಂಘ ಕಟ್ಟಿದವು. 1949ರಲ್ಲಿ ಅವರು ಬಾನ್‌ವಿಲ್‌ಗೆ ಬಂದರು. ಈಗ ಒಂದು ಹಾದಿಯಲ್ಲಿ ಒಮ್ಮೆಗೆ ಒಂದೇ ಗಾಡಿ. ಎದುರಾಳಿ ಎಂದರೆ ಗಡಿಯಾರ. ಗೆದ್ದವರಿಗೆ ನಗದು ಬಹುಮಾನವಿಲ್ಲ. ಹೆಸರು ದಾಖಲೆ ಪಟ್ಟಿಯಲ್ಲಿ ಸೇರುತ್ತದೆ, ಅಷ್ಟೇ. ಹಾದಿ ಗುರುತು ಮಾಡುವುದರಿಂದ ಹಿಡಿದು ಗಾಡಿ ತಪಾಸಣೆಯವರೆಗೆ ಕೆಲಸ ಮಾಡುವವರು ಬಹುಪಾಲು ಸ್ವಯಂಸೇವಕರು.

ಈಗ ಮಾರಿನೆಟ್ಟಿಗೆ ಬರೋಣ. ಅವನ ಪ್ರಣಾಳಿಕೆಯಲ್ಲಿ ಕಾರು ಮತ್ತು ಯುದ್ಧ ಒಂದೇ ಸಾಲಿನಲ್ಲಿ ನಿಂತಿವೆ, ಆದ್ದರಿಂದ ವೇಗದ ಮೋಹವೆಂದರೆ ಯುದ್ಧದ ಮೋಹ ಎಂಬುದು ನಮ್ಮಲ್ಲಿ ಗಾದೆಯಾಗಿಬಿಟ್ಟಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಣಕೆರೆಗಳಲ್ಲಿ ನಡೆದದ್ದನ್ನು ನೋಡಿ. ಯುದ್ಧವಿಮಾನಗಳ ಹೊಟ್ಟೆಗೆ, ರೆಕ್ಕೆಗೆ ಕಟ್ಟುತ್ತಿದ್ದ ಹೆಚ್ಚುವರಿ ಇಂಧನದ ಟ್ಯಾಂಕುಗಳು ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಗಾಳಿಯನ್ನು ಸೀಳಲೆಂದೇ ಮಾಡಿದ ಹನಿಯಾಕಾರದ ಟ್ಯಾಂಕು. 1946ರಲ್ಲಿ ಬಿಲ್ ಬರ್ಕ್ ಎಂಬಾತ ಅಂಥದೊಂದನ್ನು ತಂದು, ಅದಕ್ಕೆ ಚಕ್ರ ಎಂಜಿನ್ ಜೋಡಿಸಿ ಕೆರೆಯ ಮೇಲೆ ಓಡಿಸಿದ. ಮುಂದೆ ಅದೇ ಒಂದು ಬಗೆಯ ಗಾಡಿಯಾಗಿ ಬೆಳೆಯಿತು. ಬಾಂಬರಿಗೆ ಬೆಂಗಾವಲಾಗಿ ದೂರ ಹಾರಲು ಮಾಡಿದ ವಸ್ತು ಯಾರನ್ನೂ ಕೊಲ್ಲದ, ಎಲ್ಲಿಗೂ ತಲುಪಿಸದ ಆಟಕ್ಕೆ ಬಂತು. ಯುದ್ಧದ ಸಾಮಾನನ್ನು ಆಟದ ಸಾಮಾನು ಮಾಡುವುದು ಮಾರಿನೆಟ್ಟಿಯ ದಾರಿಗೆ ತದ್ವಿರುದ್ಧ. ಈ ಟ್ಯಾಂಕನ್ನು ಕಾಣದವರು ವೇಗಕ್ಕೂ ಫ್ಯಾಸಿಸಂಗೂ ಗಂಟು ಹಾಕುವ ಮುನ್ನ ಸ್ವಲ್ಪ ತಡೆಯಬೇಕು.

ವೇಗವನ್ನು ಬೈಯುವವರಷ್ಟೇ ನನಗೆ ಅದನ್ನು ಹೊಗಳುವ ಸಾಹಿತ್ಯಪ್ರಿಯರ ಮೇಲೂ ಸಿಟ್ಟಿದೆ. ಇವರಿಗೆ ಗೊತ್ತಿರುವುದು ಒಂದೇ ಕಥೆ: 2005ರ ‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’ ಸಿನಿಮಾ. ಇಲ್ಲಿನ ‘ಇಂಡಿಯನ್’ ನಮ್ಮವನಲ್ಲ, ಅದು ಅಮೆರಿಕದ ಒಂದು ಮೋಟಾರ್‌ಸೈಕಲ್ಲಿನ ಹೆಸರು. ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಊರಿನ ಬರ್ಟ್ ಮನ್ರೋ ಎಂಬ ಮುದುಕ 1920ರ ಇಂಡಿಯನ್ ಸ್ಕೌಟ್ ಬೈಕನ್ನು ಹಡಗಿನಲ್ಲಿ ಸಾಗಿಸಿ ಬಾನ್‌ವಿಲ್‌ಗೆ ಬಂದು ಲೋಕವನ್ನು ಬೆರಗುಗೊಳಿಸಿದ ಕಥೆ. ಆಂಥನಿ ಹಾಪ್ಕಿನ್ಸ್ ಅಭಿನಯ ಸೊಗಸು, ಒಪ್ಪಿದೆ. ಆದರೆ ಸಿನಿಮಾ ನೋಡಿ ಎದ್ದವರು ಹೇಳುವ ಮಾತು ‘ಛಲವಿದ್ದರೆ ಒಬ್ಬನೇ ಏನನ್ನಾದರೂ ಸಾಧಿಸಬಹುದು’ ಎಂಬುದು. ಇದು ಪ್ರೇರಣಾ ಭಾಷಣಕಾರರ ಸರಕು.

ನಿಜದ ಮನ್ರೋ ಬಾನ್‌ವಿಲ್‌ಗೆ ಹೋದದ್ದು ಒಂದು ಸಲವಲ್ಲ, ಹತ್ತು ಸಲ. ಮೊದಲ ಸಲ ಬರೀ ನೋಡಿ ಬಂದ. ಒಂಬತ್ತು ಸಲ ಓಡಿಸಿದ್ದರಲ್ಲಿ ಮೂರು ಸಲ ದಾಖಲೆ ಸಿಕ್ಕಿತು: 1962, 1966, 1967. ಹೊಸದರಲ್ಲಿ ಗಂಟೆಗೆ ಸುಮಾರು 90 ಕಿಲೋಮೀಟರ್ ಓಡುತ್ತಿದ್ದ 600 ಸಿಸಿಯ ಬೈಕನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ತಿದ್ದುತ್ತ ಬಂದ. ಪಿಸ್ಟನ್‌ಗಳನ್ನು ಹಳೆಯ ಡಬ್ಬಿಗಳ ಅಚ್ಚಿನಲ್ಲಿ ತಾನೇ ಎರಕ ಹೊಯ್ದ. ಕನೆಕ್ಟಿಂಗ್ ರಾಡ್‌ಗಳನ್ನು ಟ್ರ್ಯಾಕ್ಟರಿನ ಆಕ್ಸೆಲ್ ಉಕ್ಕಿನಿಂದ ಕೈಯಲ್ಲೇ ಅರೆದು ಮಾಡಿದ. ಕೆಟ್ಟುಹೋದ ಭಾಗಗಳನ್ನು ಬಿಸಾಡದೆ ಶೆಡ್ಡಿನ ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ಇಟ್ಟ ನೈವೇದ್ಯ ಎಂದು ಬರೆದಿಟ್ಟ. 1967ರಲ್ಲಿ, 68ನೆಯ ವಯಸ್ಸಿನಲ್ಲಿ, 1000 ಸಿಸಿಯೊಳಗಿನ ವರ್ಗದಲ್ಲಿ ಗಂಟೆಗೆ 183.586 ಮೈಲಿಯ ದಾಖಲೆ ಮಾಡಿದ.

ಸಿನಿಮಾಕ್ಕೆ ಸಿಗದ ಭಾಗ ಇನ್ನು ಮುಂದೆ. ಮನ್ರೋ 1978ರಲ್ಲಿ ತೀರಿಕೊಂಡ. ಅವನು ಸತ್ತು 36 ವರ್ಷಗಳಾದ ಮೇಲೆ, 2014ರಲ್ಲಿ, ಅಂದಿನ ಎರಡು ಓಟಗಳ ಸರಾಸರಿ ತೆಗೆಯುವಾಗ ಲೆಕ್ಕ ತಪ್ಪಿತ್ತು ಎಂಬುದು ಅವನ ಮಗನ ಕಣ್ಣಿಗೆ ಬಿತ್ತು. ಅಮೆರಿಕದ ಮೋಟಾರ್‌ಸೈಕಲ್ ಸಂಘ ಕಾಗದ ತೆಗೆದು ನೋಡಿ, ದಾಖಲೆಯನ್ನು 184.087ಕ್ಕೆ ತಿದ್ದಿತು. ಅರ್ಧ ಮೈಲಿಯ ವ್ಯತ್ಯಾಸ. ಹಣದ ಲಾಭ ಯಾರಿಗೂ ಇಲ್ಲ. ಆದರೂ ಕಾಗದ ಉಳಿದಿತ್ತು, ಪ್ರಶ್ನೆ ಕೇಳಲು ಜಾಗವಿತ್ತು, ತಿದ್ದುವ ಸಂಸ್ಥೆಯಿತ್ತು. ಮನ್ರೋನನ್ನು ದೊಡ್ಡವನಾಗಿ ಮಾಡಿದ್ದರಲ್ಲಿ ಅವನ ಛಲದಷ್ಟೇ ಪಾಲು ಈ ಕಾಗದದ್ದೂ ಇದೆ. ಸಂಘವಿಲ್ಲದಿದ್ದರೆ ಅವನು ‘ನನ್ನ ಗಾಡಿ ಭಾರೀ ಓಡುತ್ತೆ’ ಎಂದು ಕಟ್ಟೆಯ ಮೇಲೆ ಕೂತು ಹೇಳುವ ಇನ್ನೊಬ್ಬ ಮುದುಕನಾಗಿರುತ್ತಿದ್ದ.

ದಾಖಲೆ ಆಗುವ ಬಗೆಯನ್ನು ಕೇಳಿ. ಸ್ಪೀಡ್ ವೀಕ್‌ನಲ್ಲಿ ಹಳೆಯ ದಾಖಲೆಯನ್ನು ಒಮ್ಮೆ ಮೀರಿದರೆ ದಾಖಲೆಯಲ್ಲ, ಅದು ಅರ್ಹತೆ ಮಾತ್ರ. ಗಾಡಿಯನ್ನು ಕಾವಲಿನ ಆವರಣಕ್ಕೆ ಒಯ್ಯಬೇಕು. ರಿಪೇರಿಗೆ ಸಿಗುವುದು ಕೆಲವೇ ಗಂಟೆ. ಮರುದಿನ ಬೆಳಗ್ಗೆ ಮತ್ತೆ ಓಡಿಸಬೇಕು. ಎರಡರ ಸರಾಸರಿ ಹಳೆಯದನ್ನು ದಾಟಬೇಕು. ಆಮೇಲೂ ಎಂಜಿನ್ನಿನ ಅಳತೆ ಹೇಳಿದಷ್ಟೇ ಇದೆಯೇ ಎಂದು ಪರೀಕ್ಷೆ. ಅಂತರರಾಷ್ಟ್ರೀಯ ನಿಯಮ ಇನ್ನೂ ಬಿಗಿ: ಒಂದು ಗಂಟೆಯೊಳಗೆ ಎದುರು ದಿಕ್ಕಿನಲ್ಲಿ ವಾಪಸ್ ಓಡಬೇಕು, ಗಾಳಿಯ ಋಣ ತೀರಬೇಕು. 1960ರಲ್ಲಿ ಮಿಕಿ ಥಾಂಪ್ಸನ್ ಎಂಬಾತ ನಾಲ್ಕು ಪಾಂಟಿಯಾಕ್ ಎಂಜಿನ್ ಜೋಡಿಸಿ ತಾನೇ ಕಟ್ಟಿದ ಕಾರಿನಲ್ಲಿ ಗಂಟೆಗೆ 406.6 ಮೈಲಿ ಮುಟ್ಟಿದ. ವಾಪಸ್ ಓಟದಲ್ಲಿ ಡ್ರೈವ್ ಶಾಫ್ಟ್ ಮುರಿಯಿತು. ಜಾನ್ ಕಾಬ್ 1947ರಲ್ಲಿ ಮಾಡಿದ 394 ಮೈಲಿಯ ದಾಖಲೆ ಹಾಗೆಯೇ ಉಳಿಯಿತು. ಥಾಂಪ್ಸನ್ ಅಷ್ಟು ವೇಗವಾಗಿ ಓಡಿದ್ದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದರೆ ಸಾಲದು, ಇನ್ನೊಮ್ಮೆ ಮಾಡಿ ತೋರಿಸಬೇಕು. ನಮ್ಮ ಪ್ರಬಂಧಗಳಿಗೆ ಇಂಥ ಒಂದು ವಾಪಸ್ ಓಟ ಇಟ್ಟಿದ್ದರೆ ಎಷ್ಟು ಉಳಿಯುತ್ತಿದ್ದವು?

ಇದು ವ್ಯಂಗ್ಯಕ್ಕೆ ಕೇಳಿದ ಪ್ರಶ್ನೆಯಲ್ಲ. ಜ್ಞಾನವೆಂದರೆ ಏನು ಎಂಬುದೇ ಇಲ್ಲಿನ ಜಗಳ. ಗಾಳಿಯ ಪ್ರತಿರೋಧ ವೇಗದ ವರ್ಗದಂತೆ ಏರುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಘನದಂತೆ ಏರುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಎಂಟು ಪಟ್ಟು ಶಕ್ತಿ ಬೇಕು. 300ರಿಂದ 330ಕ್ಕೆ ಏರಲು ಮೂರನೆಯ ಒಂದು ಭಾಗ ಹೆಚ್ಚು ಬೇಕು. ಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಉಪ್ಪಿನ ಮೇಲೆ ಚಕ್ರ ಜಾರುತ್ತದೆ, ಎಂಜಿನ್ನಿನ ಬಲ ನೆಲಕ್ಕೆ ಇಳಿಯುವುದೇ ಇಲ್ಲ. ಆದ್ದರಿಂದ ಬೇರೆ ರೇಸಿನವರು ಗ್ರಾಂ ಗ್ರಾಂ ತೂಕ ಇಳಿಸುವಾಗ ಇವರು ಗಾಡಿಗೆ ಸೀಸ, ಉಕ್ಕು ತುಂಬಿ ತೂಕ ಏರಿಸುತ್ತಾರೆ. ಬಯಲು ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿದೆ. ತೆಳುಗಾಳಿ ಗಾಡಿಯನ್ನು ಕಡಿಮೆ ತಡೆಯುತ್ತದೆ, ಎಂಜಿನ್ನಿಗೂ ಉಸಿರು ಕಡಿಮೆ. ಊರಿನಲ್ಲಿ ಸರಿಮಾಡಿದ ಇಂಧನದ ಹದ ಇಲ್ಲಿ ಸುಳ್ಳಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿ ಹದ ಓದಬೇಕು. ಕಣ್ಣಿಂದ, ಬೆರಳಿಂದ, ತಲೆಯಿಂದ ಒಟ್ಟಿಗೇ ಓದುವ ಈ ವಿದ್ಯೆಯನ್ನು ನಾವು ‘ಕೈಕೆಲಸ’ ಎಂದು ಕರೆದು ವಿದ್ಯೆಯ ಹೊರಗಿಟ್ಟಿದ್ದೇವೆ. ಜಾತಿಯ ಈ ದೇಶದಲ್ಲಿ ಕೈಗೆ ಮಸಿ ಹತ್ತುವ ಕೆಲಸವನ್ನು ಯಾರು ಹೊರಗಿಟ್ಟರು, ಯಾಕೆ ಇಟ್ಟರು ಎಂಬುದನ್ನು ವಿವರಿಸಬೇಕಿಲ್ಲ.

ಕನ್ನಡಕ್ಕಾದರೂ ಇದು ಅರ್ಥವಾಗಬೇಕಿತ್ತು. ನಮ್ಮಲ್ಲಿ ‘ಹವ್ಯಾಸಿ’ ಎಂಬುದು ಗೌರವದ ಪದ. ಕೈಲಾಸಂ ನಾಟಕಗಳನ್ನು ಹೊತ್ತು ನಡೆಸಿದ್ದು ಹವ್ಯಾಸಿ ರಂಗಭೂಮಿ. ಆಫೀಸು ಮುಗಿಸಿ ಬಂದು ರಾತ್ರಿ ತಾಲೀಮು ಮಾಡುವವರನ್ನು ನಾವು ಅರೆಬರೆ ಕಲಾವಿದರು ಎನ್ನುವುದಿಲ್ಲ. ಅದೇ ಮನುಷ್ಯ ರಾತ್ರಿ ಲೇತ್ ಮುಂದೆ ನಿಂತರೆ ಮಾತ್ರ ನಮಗೆ ಹುಚ್ಚನಂತೆ ಕಾಣುತ್ತಾನೆ.

ಆಕ್ಷೇಪಗಳು ನನಗೆ ಗೊತ್ತು. ಇದು ದುಡ್ಡಿನ ಆಟ ಎನ್ನುತ್ತೀರಿ. ಹೌದು, ಹಳೆಯ ಬೈಕಿಗೂ ಸೇರಿದಂತೆ. ಗಂಡಸರ ಆಟ ಎನ್ನುತ್ತೀರಿ. ಬಹಳ ಮಟ್ಟಿಗೆ ಹೌದು. ಆದರೂ ಒಣಕೆರೆಗಳಲ್ಲಿ ಓಡಿಸಿದ ವೀಡಾ ಆರ್ ಎಂಬಾಕೆ ಯುದ್ಧದ ವರ್ಷಗಳಲ್ಲಿ ಸಂಘದ ಸುದ್ದಿಪತ್ರವನ್ನು ನಿಲ್ಲದಂತೆ ನಡೆಸಿ, ರಣರಂಗದಲ್ಲಿದ್ದ ಸದಸ್ಯರಿಗೆ ಕಳಿಸುತ್ತಿದ್ದಳು ಎಂಬುದನ್ನೂ ಆ ಚರಿತ್ರೆಯಲ್ಲೇ ಓದಬೇಕು. ಇಂಧನ ಸುಡುತ್ತಾರೆ ಎನ್ನುತ್ತೀರಿ. ಸುಡುತ್ತಾರೆ, ವರ್ಷಕ್ಕೆ ಕೆಲವು ನಿಮಿಷ. ಆ ನೆಲ ಗೋಶೂಟ್ ಜನರ ಪೂರ್ವಜರದ್ದು ಎನ್ನುತ್ತೀರಿ. ಈ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ, ರೇಸಿನವರಲ್ಲೂ ಇಲ್ಲ.

ಆದರೆ ಆ ನೆಲಕ್ಕೆ ಈಗ ಒದಗಿರುವ ಕೇಡನ್ನು ನೋಡಿದರೆ ವೇಗದ ಮೇಲಿನ ಆರೋಪಪಟ್ಟಿಯೇ ಅಲುಗಾಡುತ್ತದೆ. ಬಾನ್‌ವಿಲ್‌ನ ಉಪ್ಪು ತೆಳುವಾಗುತ್ತಿದೆ. 2014ರಲ್ಲಿ ಮಳೆನೀರು ನಿಂತು ಸ್ಪೀಡ್ ವೀಕ್ ರದ್ದಾಯಿತು. 2015ರಲ್ಲಿ ಒದ್ದೆ ನೆಲ, ಸಾಲದ ಉಪ್ಪು, ಮತ್ತೆ ರದ್ದು. 2022ರಲ್ಲಿ ಪುನಃ ನೀರು. ಆ ಸೀಮೆಯಲ್ಲಿ ಒಂದನೆಯ ಮಹಾಯುದ್ಧದ ಕಾಲದಿಂದಲೂ ಪೊಟ್ಯಾಷ್ ತೆಗೆಯುತ್ತಿದ್ದಾರೆ, ನಮ್ಮ ಹೊಲದ ಗೊಬ್ಬರದ ಚೀಲದ ಮೇಲೂ ಕಾಣುವ ಅದೇ ಪೊಟ್ಯಾಷ್. ಕಾಲುವೆ ತೋಡಿ ಉಪ್ಪುನೀರನ್ನು ಹರಿಸಿಕೊಂಡು, ಬಿಸಿಲಿಗೆ ಒಣಗಿಸಿ ತೆಗೆಯುವ ಕೆಲಸ. ಹವಾಮಾನದ ಪಾಲೆಷ್ಟು, ಗಣಿಯ ಪಾಲೆಷ್ಟು, ಗಾಡಿಗಳ ಪಾಲೆಷ್ಟು ಎಂಬ ವಾದ ನಡೆದೇ ಇದೆ. ಆದರೆ ಉಪ್ಪನ್ನು ಬಯಲಿಗೆ ಹಿಂದಿರುಗಿಸಿ ಎಂದು ದಶಕಗಳಿಂದ ಕೂಗುತ್ತಿರುವವರಲ್ಲಿ ಮುಂದಿರುವವರು ಇದೇ ಹವ್ಯಾಸಿಗಳು. 1997ರಿಂದ ಕೆಲವು ವರ್ಷ ಉಪ್ಪುನೀರನ್ನು ಮರಳಿ ಬಯಲಿಗೆ ಪಂಪ್ ಮಾಡುವ ಯೋಜನೆಯೂ ನಡೆಯಿತು. ಕಾಲುವೆಯ ನೀರು ನಡೆದಾಡುವ ಮನುಷ್ಯನಿಗಿಂತ ನಿಧಾನವಾಗಿ ಹರಿಯುತ್ತದೆ. ನೂರು ವರ್ಷ ಹಾಗೆ ಹರಿದದ್ದು ಕಣ್ಣಿಗೆ ಬೀಳುವುದಿಲ್ಲ. ‘ನಿಧಾನ’ವನ್ನು ಮುಗ್ಧ ಎಂದು ಪೂಜಿಸುವ ನಮ್ಮ ಸಿದ್ಧಾಂತದ ಬಳಿ ಈ ಕಾಲುವೆಗೆ ಹೆಸರಿಲ್ಲ. ಅದನ್ನು ಮೊದಲು ಕಂಡವರಲ್ಲಿ, ವರ್ಷವರ್ಷವೂ ಅದೇ ನೆಲಕ್ಕೆ ಹೋಗಿ, ಕಾಲಡಿಯ ಪದರ ಗಟ್ಟಿಯಿದೆಯೇ ಎಂದು ಮುಟ್ಟಿ ನೋಡಲೇಬೇಕಿದ್ದ ವೇಗದ ಹುಚ್ಚರೂ ಇದ್ದಾರೆ.

ವೇಗವನ್ನು ಖುಲಾಸೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಷೇರುಪೇಟೆಯ ವೇಗವಿದೆ, ಕ್ಷಿಪಣಿಯ ವೇಗವಿದೆ, ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸಲು ಹುಡುಗನ ಜೀವ ಒತ್ತೆಯಿಡುವ ವೇಗ ನಮ್ಮ ಬೀದಿಯಲ್ಲೇ ಇದೆ. ಇವನ್ನೆಲ್ಲ ಒಂದೇ ಪದದಲ್ಲಿ ಕಟ್ಟಿ ಬೈದರೆ ಬೈಯಲೇಬೇಕಾದವು ತಪ್ಪಿಸಿಕೊಳ್ಳುತ್ತವೆ. ಯಾರ ವೇಗ, ಯಾರ ಖರ್ಚಿನಲ್ಲಿ, ಅಳೆದವರು ಯಾರು, ಲೆಕ್ಕ ತಪ್ಪಿದರೆ ತಿದ್ದುವವರು ಯಾರು ಎಂಬ ನಾಲ್ಕು ಪ್ರಶ್ನೆ ಕೇಳಿದರೆ ಸಾಕು, ಪದ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮುಂದಿನ ಸಂಕಿರಣದಲ್ಲಿ ಮಾರಿನೆಟ್ಟಿಗೆ ಹತ್ತು ನಿಮಿಷ, ವಿರಿಲಿಯೋಗೆ ಹತ್ತು ನಿಮಿಷ ಕೊಡಿ, ಬೇಡವೆನ್ನುವುದಿಲ್ಲ. ಮಿಕ್ಕ ಹತ್ತು ನಿಮಿಷ ಆ ಸಂಘದ ನಿಯಮಪುಸ್ತಕವನ್ನು ಗಟ್ಟಿಯಾಗಿ ಓದಿ. ಚಹಾಕ್ಕೆ ಹೋಗುವುದು ಸ್ವಲ್ಪ ತಡವಾದೀತು, ಆಗಲಿ.