‘ಸಂಚ ಮಾನ್ಯತಾ’ ಅಂದ್ರ ಸಂಚು ಅಲ್ಲ

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ.

ಕೆಲವು ತಿಂಗಳ ಹಿಂದ ನಮ್ಮ ಗಡಿ ಕನ್ನಡಿಗರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫೋಟೋ ತಿರುಗಾಡಿತು. ಮರಾಠಿಯಲ್ಲಿರೋ ಸರ್ಕಾರಿ ಕಾಗದ. ಅದರೊಳಗ ‘ಸಂಚ ಮಾನ್ಯತಾ’ ಅನ್ನೋ ಎರಡು ಶಬ್ದಕ್ಕ ಯಾರೋ ಕೆಂಪು ಗೆರೆ ಎಳೆದಿದ್ರು. ಕೆಳಗ ಕನ್ನಡದಲ್ಲಿ ಬರೆದಿತ್ತು: “ನೋಡ್ರಿ, ಕನ್ನಡ ಸಾಲಿ ಮುಚ್ಚೋ ಸಂಚಿಗೆ ಸರ್ಕಾರವೇ ಮಾನ್ಯತೆ ಕೊಟ್ಟದ!” ನನಗ ಮರಾಠಿ ಚೆಂದಾಗಿ ಓದಲಿಕ್ಕ ಬರ್ತದ. ದಿನಾ ಕೌಂಟರಿನ್ಯಾಗ ಮರಾಠಿ ಅರ್ಜಿಗಳನ್ನೇ ನೋಡೋನು ನಾನು. ಆದ್ರೂ ಆ ಹೊತ್ತಿಗೆ ಸಿಟ್ಟು ನೆತ್ತಿಗೇರಿತು, ಐದು ಗ್ರೂಪಿಗೆ ಫಾರ್ವರ್ಡ್ ಮಾಡಿದೆ.

ರಾತ್ರಿ ನಮ್ಮೂರ ಕನ್ನಡ ಸಾಲಿ ಗುರುಗಳ ಫೋನ್ ಬಂತು. “ಏನಪಾ, ಬಿ.ಕಾಂ. ಮಾಡೀದಿ, ಮರಾಠಿಯೊಳಗ ‘ಸಂಚ’ ಅಂದ್ರ ಏನು ಗೊತ್ತಿಲ್ಲೇನು? ಸೆಟ್ ಅಂತ ಅರ್ಥ. ಪುಸ್ತಕದ ಸಂಚ ಅಂತಾರಲ್ಲ, ಅದು. ಯಾವ ಸಾಲಿಗೆ ಎಷ್ಟು ಮಾಸ್ತರ ಹುದ್ದೆ ಅಂತ ವರ್ಷಾ ಮಂಜೂರು ಮಾಡೋ ಕಾಗದ. ಮರಾಠಿ ಸಾಲಿಗೂ ಬರ್ತದ, ಉರ್ದು ಸಾಲಿಗೂ ಬರ್ತದ.”

ನಾಚಿಕೆ ಆಯ್ತು. ಐದೂ ಗ್ರೂಪಿನ್ಯಾಗ ತಿದ್ದಿ ಹಾಕಿದೆ. ಮೊದಲಿನ ಪೋಸ್ಟಿಗೆ ಬೆಂಕಿ ಇಮೋಜಿ ಸಾಲುಗಟ್ಟಿ ಬಂದಿದ್ವು. ತಿದ್ದಿದ್ದಕ್ಕ ಇಬ್ಬರು ‘ಓಕೆ’ ಅಂದ್ರು. ಒಬ್ಬ ಹುಡುಗ ಮಾತ್ರ ಪರ್ಸನಲ್ ಮೆಸೇಜ್ ಹಾಕಿದ: “ಅಣ್ಣಾ, ನಿಮ್ಮ ಮ್ಯಾಲೂ ಪ್ರೆಶರ್ ಬಂತೇನು?”

ಆ ಪ್ರಶ್ನೆ ನನ್ನ ತಲಿಯಿಂದ ಇನ್ನೂ ಹೋಗಿಲ್ಲ. ಸುಳ್ಳು ಅಂತ ಹೇಳಿದವನೂ ಸಂಚಿನೊಳಗ ಸೇರಿಬಿಡ್ತಾನ. ಇಂಥ ನಂಬಿಕೆ ಒಮ್ಮೆ ಒಳಗ ಹೊಕ್ಕರ ಹೊರಗ ಬರಲಿಕ್ಕ ಬಾಗಿಲೇ ಇರಲ್ಲ. ‘ಓದಿಲ್ಲದ ಮಂದಿ ನಂಬ್ತಾರ’ ಅಂತ ಪೇಟಿ ಮಂದಿ ಸುಲಭವಾಗಿ ಹೇಳ್ತಾರ. ಓದಿದ ನಾನೇ ನಂಬಿದೆನಲ್ಲ?

ನನ್ನ ಕೌಂಟರಿನಿಂದಲೇ ಶುರು ಮಾಡ್ತೀನಿ, ಯಾಕಂದ್ರ ಅದು ನನಗ ಗೊತ್ತಿರೋ ಜಾಗ. ಹತ್ತು ರೂಪಾಯಿ ನಾಣ್ಯ ನಿಮಗೆಲ್ಲ ಗೊತ್ತು. ‘ಹತ್ತು ಗೆರಿ ಇದ್ದದ್ದು ಖರೆ, ಹದಿನೈದು ಗೆರಿ ಇದ್ದದ್ದು ಖೋಟಾ’, ‘ರೂಪಾಯಿ ಚಿಹ್ನೆ ಇಲ್ಲದ್ದು ನಡೆಯಲ್ಲ’ ಅಂತ ಎಷ್ಟು ಸಲ ಕೇಳೀವಿ! ರಿಸರ್ವ್ ಬ್ಯಾಂಕ್ 2016ರ ನವೆಂಬರಿನಲ್ಲಿ ಒಮ್ಮೆ, 2018ರ ಜನವರಿಯಲ್ಲಿ ಇನ್ನೊಮ್ಮೆ ಪ್ರಕಟಣೆ ಕೊಟ್ಟಿತು. ಅಲ್ಲಿತನಕ ಬಂದ 14 ವಿನ್ಯಾಸಗಳೂ ಚಲಾವಣೆಯ ನಾಣ್ಯಗಳೇ ಅಂತ ಹೇಳಿತು. ರೂಪಾಯಿ ಚಿಹ್ನೆ ನಾಣ್ಯದ ಮ್ಯಾಲ ಬಂದದ್ದೇ 2011ರಲ್ಲಿ, ಅದಕ್ಕೂ ಮೊದಲಿನ ನಾಣ್ಯದಾಗ ಅದು ಎಲ್ಲಿಂದ ಬರಬೇಕು? ಆದ್ರೂ ಸಂತಿಯೊಳಗ ನಾಣ್ಯ ಕೊಟ್ಟರ ತಿರುಗಿ ಕೊಡ್ತಾರ. ಒಬ್ಬ ಕಿರಾಣಿ ಅಂಗಡಿಯವರನ್ನ ಕೇಳಿದೆ. “ಸಾಹೇಬ್ರ, ಖರೆ ಅಂತ ನನಗ ಗೊತ್ತದ. ಆದ್ರ ಗಿರಾಕಿ ತಗೊಳಲ್ಲ.” ಗಿರಾಕಿಗೆ ಕೇಳಿದ್ರ, “ನನಗ ಗೊತ್ತದರೀ, ಅಂಗಡಿಯವ್ರು ತಗೊಳಲ್ಲ.” ಅಂದ್ರ ಪೂರ್ತಿ ನಂಬಿದವರು ಯಾರೂ ಇಲ್ಲ. ಪಕ್ಕದವ ನಂಬ್ಯಾನ ಅಂತ ಎಲ್ಲರೂ ನಂಬ್ಯಾರ. ಸುಳ್ಳು ನಡೀಲಿಕ್ಕ ಇಷ್ಟು ಸಾಕು.

ಎರಡು ಸಾವಿರದ ನೋಟಿನ ಚಿಪ್ಪಿನ ಕತಿ ಬ್ಯಾರೆ. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದ ಮ್ಯಾಲ ಟಿವಿಯೊಳಗೇ ಬಂತು, ಹೊಸ ನೋಟಿನ್ಯಾಗ ಚಿಪ್ ಅದ, ನೆಲದೊಳಗ ಹೂತಿಟ್ಟರೂ ಉಪಗ್ರಹಕ್ಕ ಗೊತ್ತಾಗ್ತದ ಅಂತ. ರಿಸರ್ವ್ ಬ್ಯಾಂಕ್ ಅಂಥದ್ದೇನಿಲ್ಲ ಅಂತು. ಆಗ ನಾ ನೌಕರಿಗೆ ಹೊಸಬ. ಬಿಸಿಲಾಗ ಮೂರು ತಾಸು ಪಾಳಿ ನಿಂತ ಮುದುಕರೊಬ್ಬರು ನೋಟು ಎತ್ತಿ ಬೆಳಕಿಗೆ ಹಿಡಿದು, “ಚಿಪ್ ಎಲ್ಲದ ತೋರ್ಸಪಾ” ಅಂದ್ರು. ಇಲ್ಲರೀ ಕಾಕಾ ಅಂದೆ. ಅವರ ಮುಖ ಬಾಡಿಹೋಯ್ತು. ಅವತ್ತು ನನಗ ತಿಳೀಲಿಲ್ಲ, ಈಗ ತಿಳೀತದ. ಇಷ್ಟು ತ್ರಾಸ ಪಟ್ಟದ್ದಕ್ಕ ಅಷ್ಟೇ ದೊಡ್ಡ ಕಾರಣ ಬೇಕಾಗಿತ್ತು ಅವರಿಗೆ. ಚಿಪ್ ಇದ್ರ ಕಳ್ಳರು ಸಿಗ್ತಾರ, ತಾವು ನಿಂತ ಪಾಳಿಗೂ ಬೆಲೆ ಬರ್ತದ. 2018ರಲ್ಲಿ ರಿಸರ್ವ್ ಬ್ಯಾಂಕೇ ಲೆಕ್ಕ ಕೊಟ್ಟಿತು: ರದ್ದಾದ 15.41 ಲಕ್ಷ ಕೋಟಿಯೊಳಗ 15.31 ಲಕ್ಷ ಕೋಟಿ ತಿರುಗಿ ಬಂದಿತ್ತು. 2023ರ ಮೇ ತಿಂಗಳಲ್ಲಿ ಎರಡು ಸಾವಿರದ ನೋಟನ್ನೂ ವಾಪಸ್ ತಗೊಳ್ತೀವಿ ಅಂದ್ರು. ಚಿಪ್ಪಿನ ಮಾತು ಆಗ ಯಾರೂ ಎತ್ತಲಿಲ್ಲ.

ಹಂಗಂತ ಸರ್ಕಾರ ಯಾವತ್ತೂ ಏನೂ ಮುಚ್ಚಿಡಲ್ಲ ಅಂತ ನಾ ಹೇಳಿದ್ರ ನೀವು ನಗ್ತೀರಿ. ನಗಬೇಕು. ನಮ್ಮ ಭಾಗದವರಿಗೆ ಇದನ್ನ ಬ್ಯಾರೆಯವರು ಕಲಿಸಬೇಕಾಗಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮೊದಲು ರಜಾಕಾರರು ಹಳ್ಳಿ ಸುಟ್ಟದ್ದು, ಲೂಟಿ ಮಾಡಿದ್ದು ನಮ್ಮ ಅಜ್ಜಂದಿರು ಹೇಳ್ತಿದ್ರು. ಕಾರ್ಯಾಚರಣೆ ಮುಗಿದ ಮ್ಯಾಲ ಮುಸಲ್ಮಾನರ ಮ್ಯಾಲ ನಡೆದದ್ದರ ಬಗ್ಗೆ ಅದೇ ಅಜ್ಜಂದಿರು ಬಾಯಿ ಬಿಡ್ತಿರಲಿಲ್ಲ. ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಕಳಿಸಿತು. ಹೈದರಾಬಾದ್ ಸಂಸ್ಥಾನದೊಳಗ ಕಡಿಮಿ ಅಂದ್ರೂ 27 ಸಾವಿರದಿಂದ 40 ಸಾವಿರ ಮಂದಿ ಸತ್ತಿರಬೇಕು ಅಂತ ಅದು ಅಂದಾಜು ಮಾಡಿತು. ಹೆಚ್ಚು ಅನಾಹುತ ಆದ ನಾಲ್ಕು ಜಿಲ್ಲೆ ಅಂತ ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಹೆಸರು ಬರೀತು. ಉಮರ್ಗಾ ಆಗ ಉಸ್ಮಾನಾಬಾದಿನ್ಯಾಗ ಇತ್ತು. ನಿಲಂಗಾ, ಉದಗೀರ 1956ರ ನವೆಂಬರ್ 1ರ ತನಕ ಬೀದರ ಜಿಲ್ಲಾದಾಗೇ ಇದ್ವು. ಅಂದ್ರ ಇದು ನಮ್ಮದೇ ಮೂರು ತಾಲೂಕಿನ ಕತಿ. ಆ ವರದಿ ದಶಕಗಟ್ಟಲೆ ಕಪಾಟಿನೊಳಗ ಬಿದ್ದಿತ್ತು, ಮಂದಿ ಕೈಗೆ ಸಿಕ್ಕಿದ್ದು ಮೊನ್ನೆ ಮೊನ್ನೆ. ಒಂದು ಖರೆ ಸಂಗತಿ ಅರವತ್ತು ವರ್ಷ ಮುಚ್ಚಿಟ್ಟರ, ಆಮ್ಯಾಲ ಸಾವಿರ ಸುಳ್ಳಿಗೆ ಅದೇ ಸಾಕ್ಷಿ ಆಗ್ತದ. ‘ಅದನ್ನ ಮುಚ್ಚಿಟ್ಟಿದ್ರಲ್ಲ, ಇದನ್ನೂ ಮುಚ್ಚಿಟ್ಟಾರ’ ಅಂತಾರ. ಆ ಮಾತಿಗೆ ಉತ್ತರ ಕೊಡೋದು ಸುಲಭ ಇಲ್ಲ.

ಇನ್ನೊಂದು ಮಾತು. ಸಂಚಿನ ಕತಿ ಕಟ್ಟೋರು ಬರೀ ನಮ್ಮಂಥ ಸಣ್ಣ ಮಂದಿ ಅಲ್ಲ, ದೊಡ್ಡವರಿಗೂ ಅದು ಉಪಯೋಗಕ್ಕ ಬರ್ತದ. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತ ತಾಲೂಕಿನ 40 ಹಳ್ಳಿಗಳ ಠರಾವಿನ ಮಾತು ಎತ್ತಿದ್ರು. ಅಕ್ಕಲಕೋಟಿ ಕಡಿ ಹಳ್ಳಿಯವರೂ ‘ರಸ್ತೆ ಇಲ್ಲ, ನೀರಿಲ್ಲ, ನಾವು ಕರ್ನಾಟಕಕ್ಕ ಹೋಗ್ತೀವಿ’ ಅಂದ್ರು. ಎರಡೂ ಕಡಿ ಬಸ್ಸಿಗೆ ಮಸಿ ಬಿತ್ತು, ಬಸ್ಸು ನಿಂತ್ವು. ಆ ವಾರ ನಮ್ಮ ಶಾಖೆಯೊಳಗ ಚಹಾದ ಹೊತ್ತಿನ್ಯಾಗ ಕೇಳಿದ್ದು ಒಂದೇ ಮಾತು: “ಇವರ ಹಿಂದ ಯಾರೋ ಇದ್ದಾರ.” ಹಳ್ಳಿಯವ ಕುಡಿಯೋ ನೀರು ಕೇಳಿದ್ರ ಅವನ ಹಿಂದ ಯಾರೋ ಇರಬೇಕಂತ! ಹಿಂದ ಯಾರಿದ್ದಾರ ಅಂತ ಹುಡುಕೋದ್ರೊಳಗ ನೀರಿನ ಮಾತು ಮುಳುಗಿಹೋಯ್ತು. ಡಿಸೆಂಬರ್ 14ಕ್ಕೆ ಅಮಿತ್ ಶಾ ಅವರು ಎರಡೂ ರಾಜ್ಯದ ಮುಖ್ಯಮಂತ್ರಿಗಳನ್ನ ದಿಲ್ಲಿಗೆ ಕರೆಸಿ ಮಾತಾಡಿದ್ರು. ದೊಡ್ಡ ನಾಯಕರ ಹೆಸರಿನ್ಯಾಗ ತೆಗೆದ ಖೋಟಾ ಟ್ವಿಟರ್ ಖಾತೆಗಳಿಂದಲೂ ಜಗಳ ಹೆಚ್ಚಾಯ್ತು ಅಂತ ಆಗ ಹೇಳಿದ್ರು. ನಾವು ಆ ಟ್ವೀಟುಗಳಿಗೆ ಉತ್ತರ ಬರೆದು ರಾತ್ರಿ ಕಳೆದಿದ್ವಿ. ಬೆಳಗಾವಿ ಕಡಿ ನೆಂಟರಿರೋ ಮರಾಠಿ ಸಹೋದ್ಯೋಗಿಯೊಬ್ಬ ಒಮ್ಮೆ ಅವರ ಗ್ರೂಪು ತೋರಿಸಿದ. ನಮ್ಮ ಗ್ರೂಪಿನ ಮಾತೇ ಅಲ್ಲೂ ಇದ್ವು, ‘ಮರಾಠಿ’ ಇದ್ದಲ್ಲಿ ‘ಕಾನಡಿ’ ಅಂತ ಹಾಕಿದ್ರು, ಅಷ್ಟೇ.

ಇಂಥದ್ದು ಎಲ್ಲಿತನಕ ಹೋಗ್ತದ ಅಂತ ಉದಗೀರದವರಿಗೆ ನಾ ಹೇಳಬೇಕಾಗಿಲ್ಲ. ಮುರ್ಕಿ ಅವರ ಬಾಜೂಕ ಅದ. 2018ರ ಜುಲೈ 13. ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದ ಹುಡುಗರು ಸಾಲಿ ಮಕ್ಕಳಿಗೆ ಚಾಕಲೇಟ್ ಕೊಟ್ರು. ‘ಮಕ್ಕಳ ಕಳ್ಳರು ಬಂದಾರ’ ಅಂತ ಮೆಸೇಜ್ ಅವರ ಕಾರಿಗಿಂತ ಮುಂದ ಓಡಿತು. ಮುರ್ಕಿಯೊಳಗ ದಾರಿ ಅಡ್ಡಗಟ್ಟಿದ್ರು. ಒಬ್ಬ ಸತ್ತ. ಬಿಡಿಸಲಿಕ್ಕ ಹೋದ ಪೊಲೀಸರಿಗೂ ಹೊಡೆತ ಬಿದ್ವು. ಅದಕ್ಕ ಹನ್ನೆರಡು ದಿನ ಮೊದಲು, ಜುಲೈ 1ಕ್ಕೆ, ಧುಳೆ ಜಿಲ್ಲಾದ ರಾಯಿನಪಾಡಾದಾಗ ಐದು ಮಂದಿಯನ್ನ ಇದೇ ಅನುಮಾನದ ಮ್ಯಾಲ ಬಡಿದು ಕೊಂದ್ರು. ಭಿಕ್ಷಾ ಬೇಡಿ ತಿರುಗೋ ನಾಥಪಂಥಿ ಡವರಿ ಗೋಸಾವಿ ಸಮಾಜದವರು, ಹೆಚ್ಚಿನವರು ಮಂಗಳವೇಢಾ ತಾಲೂಕಿನವರು. ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆದ ಮಂಗಳವಾಡದ ಸೀಮಿ ಅದು. ಅದೇ ತಿಂಗಳಲ್ಲಿ ವಾಟ್ಸಾಪ್ ಕಂಪನಿ ಭಾರತದಾಗ ಒಂದು ಮೆಸೇಜನ್ನ ಒಮ್ಮೆಗೆ ಐದು ಕಡಿ ಮಾತ್ರ ಕಳಿಸೋ ಹಂಗ ಮಿತಿ ಹಾಕಲಿಕ್ಕ ಹೊರಟಿತು. ನಾ ಆ ಫೋಟೋ ಕಳಿಸಿದ್ದೂ ಸರಿಯಾಗಿ ಐದು ಗ್ರೂಪಿಗೇ.

ಈಗ ಮತ್ತ ಸಾಲಿ ಕಾಗದಕ್ಕ ಬರೋಣ. ನನ್ನನ್ನ ನಿಜವಾಗಿ ಕಾಡಿದ್ದು ಅದೇ.

ಗುರುಗಳು ಆ ರಾತ್ರಿ ಇನ್ನೂ ಒಂದು ಮಾತು ಹೇಳಿದ್ರು. ಹುದ್ದೆಯ ಲೆಕ್ಕ ಸೆಪ್ಟೆಂಬರ್ 30ಕ್ಕೆ ಸಾಲಿಯೊಳಗ ಎಷ್ಟು ಮಕ್ಕಳಿದ್ದಾರ ಅನ್ನೋದರ ಮ್ಯಾಲ ಆಗ್ತದ. (ಸೆಪ್ಟೆಂಬರ್ 30 ಅಂದ್ರ ನಮ್ಮ ಭಾಗದಾಗ 1993ರ ಕಿಲ್ಲಾರಿ ಭೂಕಂಪದ ದಿನ. ಇದರಾಗೂ ಯಾರೂ ಸಂಚು ಹುಡುಕಬ್ಯಾಡ್ರಿ.) ಆ ಮಕ್ಕಳ ಆಧಾರ್ ಸಾಲಿ ದಾಖಲೆಗೆ ತಾಳೆ ಆಗಬೇಕು. ನಮ್ಮ ಮಕ್ಕಳದು ತಾಳೆ ಆಗಲ್ಲ. ಮನಿಯೊಳಗ ಶರಣಪ್ಪ. ಮರಾಠಿಯೊಳಗ ಬರೆಯೋನು ‘ಶರಣಾಪ್ಪಾ’ ಮಾಡ್ತಾನ. ಇಂಗ್ಲಿಷಿನ್ಯಾಗ ಒಬ್ಬ ಒಂದು ಪಿ ಹಾಕ್ತಾನ, ಇನ್ನೊಬ್ಬ ಎರಡು. ಮಗು ದಿನಾ ಸಾಲಿಗೆ ಬಂದು ಮೊದಲ ಸಾಲಿನ್ಯಾಗ ಕೂಡ್ತದ, ಕಂಪ್ಯೂಟರಿನ ಲೆಕ್ಕದಾಗ ಇರಲ್ಲ. ಸಣ್ಣ ಸಾಲಿಯೊಳಗ ಇಂಥ ನಾಲ್ಕೈದು ಮಕ್ಕಳು ಬಿಟ್ಟುಹೋದ್ರ ಒಂದು ಮಾಸ್ತರ ಹುದ್ದೆಗೇ ಕುತ್ತು.

ಇದನ್ನ ನಾ ಬ್ಯಾಂಕಿನೊಳಗೂ ನೋಡೀನಿ. 2017ರಾಗ ಮಹಾರಾಷ್ಟ್ರ ಸರ್ಕಾರ ಒಂದೂವರೆ ಲಕ್ಷದ ತನಕ ರೈತರ ಸಾಲಮನ್ನಾ ಘೋಷಿಸಿತು. ಅರ್ಜಿ ಆನ್‌ಲೈನ್. ಒಬ್ಬ ಕಾಕಾನ ಹೆಸರು ಯಾದಿಯೊಳಗ ಬರಲಿಲ್ಲ. “ಕನ್ನಡದವ ಅಂತ ಕತ್ತರಿಸ್ಯಾರ” ಅಂದ್ರು. ತೆಗೆದು ನೋಡಿದ್ರ ಆಧಾರಿನ್ಯಾಗ ಒಂದು ಹೆಸರು, ಸಾಲದ ಖಾತೆಯೊಳಗ ಇನ್ನೊಂದು, ಸಾತ್‌ಬಾರಾದಾಗ ಮತ್ತೊಂದು. ತಿಳಿಸಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಹಿಂಗ ನಮ್ಮ ಹೆಸರಿಗೇ ಯಾಕ ಆಗ್ತದಪಾ?” ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ಅನಿಸ್ತದ. ಸಂಚು ಮಾಡಲಿಕ್ಕ ಯಾರೋ ಒಬ್ಬರು ಕೂತು ನಮ್ಮ ಬಗ್ಗೆ ಯೋಚನೆ ಮಾಡಬೇಕು. ನಮ್ಮ ಬಗ್ಗೆ ಅಷ್ಟು ಹೊತ್ತು ಯೋಚನೆ ಮಾಡೋರು ಮುಂಬೈಯೊಳಗೂ ಇಲ್ಲ, ಬೆಂಗಳೂರಿನೊಳಗೂ ಇಲ್ಲ. ಇದನ್ನ ಒಪ್ಪಿಕೊಳ್ಳೋದು ಸಂಚು ನಂಬೋದಕ್ಕಿಂತ ಕಷ್ಟ. ವೈರಿ ಇದ್ದಾನ ಅಂದ್ರ ನಾವು ಏನೋ ಆಗೀವಿ ಅಂತ ಎದಿ ಉಬ್ಬತದ. ಲೆಕ್ಕಕ್ಕೇ ಇಲ್ಲ ಅಂದ್ರ ಏನು ಮಾಡೋಣ? ಅದಕ್ಕೇ ಕೆಂಪು ಗೆರೆ ಎಳೆದ ಫೋಟೋ ನಮಗ ಹಿಡಿಸ್ತದ. ಫಾರ್ವರ್ಡ್ ಮಾಡಿದ್ರ ಹೋರಾಟ ಮಾಡಿದಂಗ ಅನಿಸಿ ನಿದ್ದಿ ಬರ್ತದ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಾಗ ಮಾತೃಭಾಷೆಯ ಶಿಕ್ಷಣಕ್ಕ ಸೌಲಭ್ಯ ಕೊಡಬೇಕು ಅಂತದ. ಅದನ್ನ ಹಿಡಿದು ಅರ್ಜಿ ಹಾಕಲಿಕ್ಕ, ಮಾಹಿತಿ ಹಕ್ಕಿನೊಳಗ ಪ್ರಶ್ನೆ ಕೇಳಲಿಕ್ಕ, ಉತ್ತರ ಬರದಿದ್ರ ಮೇಲ್ಮನವಿ ಹಾಕಲಿಕ್ಕ ತಿಂಗಳುಗಟ್ಟಲೆ ಬೇಕು. ಇಮೋಜಿ ಒಂದೂ ಬರಲ್ಲ.

ಈಗ ಹೊಸ ಮೆಸೇಜ್ ತಿರುಗ್ಲಿಕತ್ತದ, 2027ರ ಜನಗಣತಿಯೊಳಗ ಗಡಿ ಕನ್ನಡಿಗರನ್ನೆಲ್ಲ ಮರಾಠಿ ಅಂತ ಬರೆಯೋ ಆದೇಶ ಬಂದದ ಅಂತ. ಅಂಥ ಆದೇಶದ ಒಂದು ನಂಬರು, ಒಂದು ತಾರೀಖು ಆ ಮೆಸೇಜಿನ್ಯಾಗ ಇಲ್ಲ. ಮಾತೃಭಾಷೆ ಅಂತ ನೀವು ಏನು ಹೇಳ್ತೀರೋ ಅದನ್ನೇ ಬರೀಬೇಕು ಅನ್ನೋದು ಜನಗಣತಿಯ ನಿಯಮ. ಮನಿಗೆ ಬಂದು ನಮ್ಮವ್ವಗ ಕೇಳಿದೆ, 2011ರಾಗ ಏನು ಬರೆಸಿದ್ದಿ ಅಂತ. “ಮರಾಠಿ ಅಂದೆ” ಅಂದಳು. ಯಾಕ? “ಆ ಮಾಸ್ತರ ಮರಾಠಿಯೊಳಗ ಕೇಳಿದ, ನಾ ಮರಾಠಿಯೊಳಗ ಹೇಳಿದೆ. ಅವನಿಗೆ ಯಾಕ ತ್ರಾಸ ಕೊಡೋದು ಅಂತ.” ನಮ್ಮ ಮನಿಯ ಆರು ಮಂದಿ ಹಿಂಗ ಕನ್ನಡದ ಲೆಕ್ಕದಿಂದ ಹೋದ್ವಿ.

ಗುರುಗಳ ಹತ್ರ ಆಧಾರ್ ತಾಳೆಯಾಗದ ಏಳು ಮಕ್ಕಳ ಯಾದಿ ಅದ. ಎರಡು ಸರಿ ಆಗ್ಯಾವ, ಐದು ಉಳಿದಾವ. ಬರೋ ಭಾನುವಾರ ಜನ್ಮ ದಾಖಲೆ ತಗೊಂಡು ಆ ಐದೂ ಮನಿಗೆ ಹೋಗಿ, ಹೆಸರು ಒಂದೇ ರೀತಿ ಬರೆದು ಅರ್ಜಿ ತುಂಬಿಸ್ತೀವಿ. ಉಮರ್ಗಾ ಕಡಿಯವರು ಬಂದ್ರ ಅನುಕೂಲ ಆಗ್ತದ. ನಿಲಂಗಾ, ಉದಗೀರದಾಗ ಯಾರು ಮಾಡ್ತೀರಿ, ಕಮೆಂಟಿನ್ಯಾಗ ನಿಮ್ಮ ಊರ ಹೆಸರು ಹಾಕ್ರಿ. ಮಕ್ಕಳ ಹೆಸರು, ಆಧಾರ್ ನಂಬರು ಮಾತ್ರ ಇಲ್ಲಿ ಹಾಕಬ್ಯಾಡ್ರಿ.